ಕಪಾಟಿನ ಮೇಲಿರುವ ಗೊಂಬೆಯ ಬಗ್ಗೆ

ಪ್ರೀತಿಯ ಮಗಳೇ,

ಪುಟ್ಟಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಫ್ಯಾಷನ್ ಗೊಂಬೆಯನ್ನು ಅವಳ ಕೈಗೆ ಸಿಗದಂತೆ ಕಪಾಟಿನ ಮೇಲೆ ಎತ್ತಿಟ್ಟಿದ್ದೇನೆ, ಅವಳು ಎರಡು ದಿನದಿಂದ ಅಳುತ್ತಿದ್ದಾಳೆ, ನಾನು ಮಾಡಿದ್ದು ಸರಿಯೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಥಟ್ಟನೆ ಉತ್ತರ ಹೇಳಲು ನನಗೆ ಮನಸ್ಸಾಗಲಿಲ್ಲ. ನಿನಗೆ ಆರು ವರ್ಷವಾಗಿದ್ದಾಗ ನಾನೂ ಇದನ್ನೇ ಮಾಡಿದ್ದೆ, ಅದೂ ಒಂದು ಮಾತಿನ ಕಾರಣವನ್ನೂ ಕೊಡದೆ. ನೀನು ಗೊಂಬೆ ಕೇಳುವುದನ್ನು ನಿಲ್ಲಿಸಿದಾಗ ಗೆದ್ದೆನೆಂದುಕೊಂಡೆ. ಗೆಳತಿಯ ಮನೆಗೆ ಹೋದಾಗಲೆಲ್ಲ ನೀನು ಅಂಥದೇ ಗೊಂಬೆಯೊಡನೆ ಕದ್ದು ಆಡುತ್ತಿದ್ದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಂಥ ತೆಳ್ಳನೆಯ ಗೊಂಬೆಯನ್ನು ನೋಡಿ ನೋಡಿ ಪುಟ್ಟಿಗೆ ತನ್ನ ಮೈಕಟ್ಟೇ ಬೇಡವೆನಿಸೀತು ಎಂಬ ನಿನ್ನ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಾರೆ. 1965ರಲ್ಲಿ ಬಂದ ಒಂದು ಬಾರ್ಬಿಯ ಜೊತೆ ಪುಟ್ಟದೊಂದು ತೂಕದ ಯಂತ್ರವಿತ್ತು, ಅದರ ಮುಳ್ಳು 110 ಪೌಂಡಿಗೆ, ಅಂದರೆ ಸುಮಾರು 50 ಕಿಲೋಗೆ, ನಿಂತಿತ್ತು. ತೂಕ ಇಳಿಸುವುದು ಹೇಗೆಂಬ ಪುಸ್ತಕವೂ ಇತ್ತು, ಅದು ಕೊಟ್ಟ ಸಲಹೆ ‘ತಿನ್ನಬೇಡ’ ಎಂಬುದಷ್ಟೇ. ಮಕ್ಕಳ ಆಟಿಕೆಯ ಪೆಟ್ಟಿಗೆಯಲ್ಲಿ ಇಂಥದ್ದನ್ನಿಟ್ಟು ಮಾರಿದ್ದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಐದರಿಂದ ಎಂಟು ವರ್ಷದ 162 ಹುಡುಗಿಯರಿಗೆ ಚಿತ್ರಪುಸ್ತಕಗಳನ್ನು ತೋರಿಸಿದ್ದರು. ಬಾರ್ಬಿಯ ಚಿತ್ರಗಳನ್ನು ನೋಡಿದ ಚಿಕ್ಕ ಹುಡುಗಿಯರಿಗೆ ತಮ್ಮ ಮೈಕಟ್ಟಿನ ಬಗ್ಗೆ ಅಸಮಾಧಾನ ಹೆಚ್ಚಿತ್ತು, ಇನ್ನೂ ತೆಳ್ಳಗಾಗಬೇಕೆಂಬ ಆಸೆ ಮೂಡಿತ್ತು. ಅವರಲ್ಲೇ ದೊಡ್ಡವರಾದ ಹುಡುಗಿಯರ ಮೇಲೆ ಬಾರ್ಬಿಯ ಚಿತ್ರಗಳು ಆ ಪರಿಣಾಮ ಮಾಡಿರಲಿಲ್ಲ. ವಯಸ್ಸಿನ ಈ ವ್ಯತ್ಯಾಸವೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು, ಏಕೆಂದರೆ ಐದು ವರ್ಷದ ಮಗು ಗೊಂಬೆಯನ್ನು ಬರೀ ಆಡಿಸುವುದಿಲ್ಲ, ಆಡುತ್ತ ಆಡುತ್ತ ತಾನೇ ಆ ಗೊಂಬೆಯಾಗಿಬಿಡುತ್ತದೆ.

ಹಾಗಾದರೆ ವೈದ್ಯೆಯ ಉಡುಪಿನ ಗೊಂಬೆಯನ್ನು ತಂದರಾದೀತೇ ಎಂದು ಕೇಳಿದ್ದೀಯಲ್ಲ, ನನಗೂ ಅದೇ ಉಪಾಯ ಹೊಳೆದಿತ್ತು. 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ನಾಲ್ಕರಿಂದ ಏಳು ವರ್ಷದ 37 ಹುಡುಗಿಯರಲ್ಲಿ ಕೆಲವರಿಗೆ ಫ್ಯಾಷನ್ ಬಾರ್ಬಿಯನ್ನು, ಕೆಲವರಿಗೆ ವೈದ್ಯೆ ಬಾರ್ಬಿಯನ್ನು, ಉಳಿದವರಿಗೆ ಆಲೂಗಡ್ಡೆಯ ಆಕಾರದ ಗೊಂಬೆಯನ್ನು ಐದೈದು ನಿಮಿಷ ಆಡಲು ಕೊಟ್ಟು, ದೊಡ್ಡವಳಾದ ಮೇಲೆ ಯಾವ ಯಾವ ಕೆಲಸ ಮಾಡಬಲ್ಲೆ, ಹುಡುಗನಾದರೆ ಯಾವುದನ್ನೆಲ್ಲ ಮಾಡಬಲ್ಲ ಎಂದು ಕೇಳಿದರು. ಬಾರ್ಬಿಯೊಡನೆ ಆಡಿದವರು ಹುಡುಗರಿಗೆ ಹೆಚ್ಚು ಕೆಲಸಗಳನ್ನು ಬಿಟ್ಟುಕೊಟ್ಟು ತಮಗೆ ಕಡಿಮೆ ಇಟ್ಟುಕೊಂಡರು, ಗೊಂಬೆ ತೊಟ್ಟದ್ದು ವೈದ್ಯೆಯ ಕೋಟಾದರೂ ಅಷ್ಟೇ. ಅಧ್ಯಯನ ಚಿಕ್ಕದು, ಅದೊಂದರಿಂದಲೇ ತೀರ್ಪು ಕೊಡಲಾಗದು; ಆದರೂ ಬಟ್ಟೆ ಬದಲಿಸಿದ ಮಾತ್ರಕ್ಕೆ ಗೊಂಬೆ ಬದಲಾಗುತ್ತದೆಂಬ ನನ್ನ ನಂಬಿಕೆಯನ್ನು ಅದು ಅಲುಗಾಡಿಸಿತು.

ಇಷ್ಟು ಹೇಳಿಯೂ ಗೊಂಬೆಯನ್ನು ಕೆಳಗಿಳಿಸು ಎಂದೇ ನಾನು ಹೇಳುತ್ತೇನೆ. ಎಲ್ಲ ಅಧ್ಯಯನಗಳೂ ಒಂದೇ ಮಾತನ್ನು ಹೇಳುವುದಿಲ್ಲ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಪ್ರಯೋಗದಲ್ಲಿ ತೆಳ್ಳನೆಯ ಗೊಂಬೆಯೊಡನೆ ಆಡಿದ ಹುಡುಗಿಯರಿಗೂ ಬೇರೆ ಗೊಂಬೆಗಳೊಡನೆ ಆಡಿದವರಿಗೂ ತಮ್ಮ ಮೈಯ ಬಗೆಗಿನ ಭಾವನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 1959ರಲ್ಲಿ ಬಾರ್ಬಿಯನ್ನು ತಂದ ರೂತ್ ಹ್ಯಾಂಡ್ಲರ್ ಕೂಡ ಒಬ್ಬ ತಾಯಿಯೇ. ತನ್ನ ಮಗಳು ಕಾಗದದ ಗೊಂಬೆಗಳಿಗೆ ದೊಡ್ಡವರ ಪಾತ್ರ ಕೊಟ್ಟು ಆಡುವುದನ್ನು ಕಂಡು, ಹಸುಗೂಸಿನ ಗೊಂಬೆಯನ್ನು ತೂಗಿ ಮಲಗಿಸುವುದಷ್ಟೇ ಹೆಣ್ಣುಮಕ್ಕಳ ಆಟವಾಗಬೇಕಿಲ್ಲವೆಂದು ಆಕೆಗೆ ಅನಿಸಿತ್ತು. ಆ ಆಲೋಚನೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಕೆಟ್ಟದ್ದು ಆ ದೊಡ್ಡ ಹೆಣ್ಣಿಗೆ ದಶಕಗಳ ಕಾಲ ಒಂದೇ ಬಗೆಯ ಮೈಯನ್ನು ಕೊಟ್ಟದ್ದು. ದುಂಡನೆಯ, ಎತ್ತರದ, ಗಿಡ್ಡನೆಯ ಬಾರ್ಬಿಗಳು ಬಂದದ್ದು 2016ರಲ್ಲಿ.

ನಾನು ಹೆಚ್ಚು ಹೆದರುವುದು ಪುಟ್ಟಿ ಆ ಗೊಂಬೆಯೊಡನೆ ಒಬ್ಬಳೇ ಉಳಿಯುವುದಕ್ಕೆ. ನಿನ್ನ ಗೊಂಬೆಯನ್ನು ಕಸಿದಿಟ್ಟ ಆ ದಿನಗಳಲ್ಲೇ ನಾನು ಕನ್ನಡಿಯ ಮುಂದೆ ನಿಂತು, ದಪ್ಪಗಾಗಿದ್ದೇನೆ, ಈ ಸೀರೆ ನನಗೆ ಒಪ್ಪುವುದಿಲ್ಲ ಎಂದು ನಿನ್ನೆದುರಿಗೇ ಗೊಣಗುತ್ತಿದ್ದೆ. ಅದನ್ನು ನೀನು ದಿನವೂ ಕೇಳಿಸಿಕೊಂಡೆ. ಹದಿಮೂರನೆಯ ವಯಸ್ಸಿನಲ್ಲಿ ನೀನು ಊಟ ಕಡಿಮೆ ಮಾಡಿದಾಗ ನಾನು ನಿನ್ನ ಗೆಳತಿಯರನ್ನು ದೂರಿದೆ, ಪತ್ರಿಕೆಗಳನ್ನು ದೂರಿದೆ, ನನ್ನನ್ನು ಮಾತ್ರ ಬಿಟ್ಟೆ. ಅದಕ್ಕಾಗಿ ನನ್ನನ್ನು ಕ್ಷಮಿಸು.

ಗೊಂಬೆಯನ್ನು ಕೊಟ್ಟು ಅವಳ ಪಕ್ಕದಲ್ಲಿ ನೀನೂ ಕೂತುಕೋ. ಇಂಥ ಸಣ್ಣ ಪಾದದ ಮೇಲೆ ಗೊಂಬೆ ಏಕೆ ನಿಲ್ಲಲಾರದು ಎಂದು ಇಬ್ಬರೂ ಸೇರಿ ನೋಡಿ, ಅವಳ ಪಾದವನ್ನೂ ನಿನ್ನ ಪಾದವನ್ನೂ ಜೊತೆಗಿಟ್ಟು ಅಳೆಯಿರಿ. ಅವಳ ಹೊಟ್ಟೆ ಗೊಂಬೆಯದರಂತೆ ಏಕಿಲ್ಲ ಎಂದು ಕೇಳಿದರೆ ಮಾತು ತೇಲಿಸದೆ ಉತ್ತರ ಕೊಡು. ಮುಂದಿನ ವಾರ ನಾನು ಬರುವಾಗ ಹಳೆಯ ಬಟ್ಟೆಯ ತುಂಡುಗಳನ್ನೂ ಸೂಜಿದಾರವನ್ನೂ ತರುತ್ತೇನೆ. ಆ ಗೊಂಬೆಗೊಬ್ಬಳು ದುಂಡನೆಯ ಅಜ್ಜಿಯನ್ನು ಹೊಲಿಯೋಣವೆಂದು ಪುಟ್ಟಿಗೆ ಹೇಳು.

ನಿನ್ನ
ಅಮ್ಮ