ಮುಖ್ಯಮಂತ್ರಿಗಳೇ, ವಾರ್ಡ್ ಸಮಿತಿಯಲ್ಲಿ ಇನ್ನೆರಡು ಕುರ್ಚಿ ಹಾಕಿಸಿ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುವವಳು. ಈ ಊರಿನ ಹುಡುಗ ಹುಡುಗಿಯರ ಆರೋಗ್ಯಕ್ಕೆ ತಟ್ಟುವ ತೀರ್ಮಾನ ಮಾಡುವ ಮುಂಚೆ ಅವರನ್ನೂ ಒಂದು ಮಾತು ಕೇಳಿ, ವಾರ್ಡಿನ ಕೆಲಸಗಳನ್ನು ನೋಡಿಕೊಳ್ಳುವ ವಾರ್ಡ್ ಸಮಿತಿಯಲ್ಲಿ ಅವರಿಗೂ ಎರಡು ಜಾಗ ಇಡಿ ಅಂತ ಹೇಳಲು ಈ ಪತ್ರ.

ತಂಬಾಕಿನ ಕಾನೂನನ್ನೇ ತೆಗೆದುಕೊಳ್ಳಿ. ರಾಜ್ಯದ ತಿದ್ದುಪಡಿಯಿಂದ ಸಿಗರೇಟು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಹುಕ್ಕಾ ಬಾರ್‌ಗಳೂ ಬಂದ್. ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಯಾವ ಅಂಗಡಿಯಲ್ಲಿ ಟೀ ಜೊತೆ ಒಂದೊಂದೇ ಸಿಗರೇಟು ಸಿಗುತ್ತದೆ, ಯಾರು ವಯಸ್ಸು ಕೇಳುತ್ತಾರೆ, 2019ರಲ್ಲೇ ನಿಷೇಧವಾದ ವೇಪ್ (ಇ-ಸಿಗರೇಟು) ಇನ್ನೂ ಎಲ್ಲಿಂದ ಬರುತ್ತದೆ? ಇದು ಆರೋಗ್ಯ ಇನ್‌ಸ್ಪೆಕ್ಟರಿಗಿಂತ ಚೆನ್ನಾಗಿ ಕೊನೆ ಬೆಂಚಿನವರಿಗೆ ಗೊತ್ತು. ಕಾನೂನು ಮಾಡಿದ್ದೇ ಅವರಿಗಾಗಿ. ಬರೆಯುವಾಗ ಅವರಲ್ಲಿ ಎಷ್ಟು ಜನರನ್ನು ಕೂರಿಸಿಕೊಂಡು ಕೇಳಿದ್ದರು?

ಇನ್ನು ಪಾರ್ಕ್. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2024ರಲ್ಲಿ ಪಾಲಿಕೆಯ ಪಾರ್ಕ್‌ಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶವೂ ಆಯಿತು. ಗೇಟು ತೆರೆದರೂ ಒಳಗೆ ‘ಇಲ್ಲಿ ಆಟವಾಡುವಂತಿಲ್ಲ’ ಅಂತ ಬೋರ್ಡ್ ಇರುತ್ತದೆ. ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರು ಶಾಸಕರ ಮನೆಗೆ ಹೋಗಿ ಮಾತಾಡಬಲ್ಲರು. ಹದಿನಾಲ್ಕರ ಹುಡುಗ ಚೆಂಡು ಹಿಡಿದುಕೊಂಡು ಯಾರ ಹತ್ತಿರ ಹೋಗಬೇಕು? (ವಾಕಿಂಗ್‌ನವರ ಮೇಲೆ ಸಿಟ್ಟಿಲ್ಲ, ನಾನೂ ಅವರಲ್ಲೊಬ್ಬಳು.)

ಹುಡುಗಿಯರ ಕಷ್ಟ ಬೇರೆ. ದಾರಿಯಲ್ಲಿ ನೆಟ್ಟಗಿನ ಶೌಚಾಲಯ ಸಿಗುವುದಿಲ್ಲ ಅಂತ ಮನೆಯಿಂದ ಹೊರಟ ಮೇಲೆ ನೀರೇ ಕುಡಿಯದ ವಿದ್ಯಾರ್ಥಿನಿಯರು ನನ್ನ ತರಗತಿಯಲ್ಲಿದ್ದಾರೆ. ಮೂತ್ರದ ಸೋಂಕು ಅವರಿಗೆ ಹೊಸದಲ್ಲ. ಯಾವ ಬಸ್ ನಿಲ್ದಾಣದ ಹತ್ತಿರ ಶೌಚಾಲಯ ಬೇಕು, ಅದಕ್ಕೆ ಎಷ್ಟು ಹೊತ್ತಿನ ತನಕ ಬೀಗ ಹಾಕಬಾರದು, ಪ್ಯಾಡ್ ಎಸೆಯಲು ಬುಟ್ಟಿ ಎಲ್ಲಿರಬೇಕು ಅಂತ ಅವರು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಇದಕ್ಕೆ ಕನ್ಸಲ್ಟೆಂಟ್ ಯಾಕೆ ಬೇಕು?

ಈ ವಿಷಯದಲ್ಲಿ ನಮ್ಮ ಹಳ್ಳಿಗಳೇ ಮುಂದಿವೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆದಿತ್ತು. ಈಗ ರಾಜ್ಯದ ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ನಿಮ್ಮದೇ ಸರ್ಕಾರದ ನಿಯಮವಿದೆ. ಕೆಲವು ಕಡೆ ಅದು ಸುಮ್ನೆ ಫೋಟೋಗೆ ನಡೆಯುತ್ತದೆ, ನಿಜ. ಆದರೂ ಶಾಲೆಗೆ ಕಾಂಪೌಂಡ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ ಅಂತ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಎದುರೇ ಎದ್ದು ನಿಂತು ಹೇಳಲು ಒಂದು ಜಾಗ ಇದೆಯಲ್ಲ. ಬೆಂಗಳೂರಿನ ಮಗುವಿಗೆ ಅದೂ ಇಲ್ಲ. ಪಾಲಿಕೆ ಚುನಾವಣೆಗೆ ನಿಲ್ಲಲು 21 ತುಂಬಬೇಕು, ವೋಟು ಹಾಕಲು 18. ಅಲ್ಲಿಯವರೆಗೆ ಕಾಯಲಿ ಅಂದರೆ ಶ್ವಾಸಕೋಶ ಕಾಯುತ್ತದೆಯೇ?

2014ರ ಬೀದಿ ವ್ಯಾಪಾರಿಗಳ ಕಾಯ್ದೆ ನೋಡಿ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಯಾರ ಬದುಕಿನ ಪ್ರಶ್ನೆಯೋ ಅವರೇ ಸಮಿತಿಯಲ್ಲಿ ಕೂರಬಹುದು ಅಂತ ಆಗಲೇ ಒಪ್ಪಿಕೊಂಡಿದ್ದೇವೆ, ಅಲ್ವಾ?

ಹಾಗಾಗಿ ಈಗ ಬೆಂಗಳೂರಿನಲ್ಲಿರುವ ಐದೂ ಪಾಲಿಕೆಗಳ ಪ್ರತಿ ವಾರ್ಡ್ ಸಮಿತಿಯಲ್ಲಿ 16ರಿಂದ 21 ವರ್ಷದ ಒಬ್ಬ ಹುಡುಗ, ಒಬ್ಬ ಹುಡುಗಿಗೆ ಜಾಗ ಕೊಡಿ. ಅದಕ್ಕಿಂತ ಚಿಕ್ಕವರಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ವಾರ್ಡ್ ಸಭೆ ಇಡಿ. ಆದರೆ ಚೆನ್ನಾಗಿ ಇಂಗ್ಲಿಷ್ ಮಾತಾಡುವ, ಡಿಬೇಟಿನಲ್ಲಿ ಕಪ್ ಗೆದ್ದ ಮಕ್ಕಳನ್ನೇ ಆರಿಸಿ ಕಳಿಸಬೇಡಿ. ಅವರ ದನಿ ಹೇಗೂ ಕೇಳಿಸುತ್ತದೆ. ಕಾಲೇಜು ಮುಗಿಸಿ ರಾತ್ರಿ ಊಟ ಡೆಲಿವರಿ ಮಾಡುವ ಹುಡುಗ ಬರಲಿ. ಗಾರ್ಮೆಂಟ್ಸ್‌ಗೆ ಹೋಗುವ ಹತ್ತೊಂಬತ್ತರ ಹುಡುಗಿ ಬರಲಿ. ಊರಿನ ಹೊಗೆ ಅವರು ಕುಡಿದಷ್ಟು ಯಾರು ಕುಡಿದಿದ್ದಾರೆ? ಸಭೆ ಭಾನುವಾರ ಇರಲಿ, ಒಂದು ದಿನದ ಕೂಲಿ ಕಳೆದುಕೊಂಡು ಯಾರೂ ಬರಲಾರರು. ಕನ್ನಡದ ಜೊತೆ ಉರ್ದು, ತಮಿಳು, ತೆಲುಗಿನಲ್ಲೂ ಮಾತಾಡಲು ಬಿಡಿ.

ಎಲ್ಲಕ್ಕಿಂತ ಮುಖ್ಯ, ಅವರು ಕೇಳಿದ್ದಕ್ಕೆ ಅರವತ್ತು ದಿನದೊಳಗೆ ಪಾಲಿಕೆ ಆಯುಕ್ತರ ಸಹಿ ಇರುವ ಉತ್ತರ ಬರಬೇಕು. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ ಅದರಲ್ಲಿ ಬರೆದಿರಬೇಕು. ಈ ನಿಯಮ ಇಲ್ಲದಿದ್ದರೆ ದಯವಿಟ್ಟು ಸಭೆಯನ್ನೇ ಕರೆಯಬೇಡಿ. ನವೆಂಬರ್ 14ರ ಭಾಷಣಗಳು ಈಗಾಗಲೇ ಸಾಕಷ್ಟಿವೆ.

ಇಂತಿ,
ಬೆಂಗಳೂರಿನ ಒಬ್ಬ ಉಪನ್ಯಾಸಕಿ