ಭಾನುವಾರ ಮನೆ ನೋಡಲಿಕ್ಕೆ ಹೊರಟವರಿಗೆ: ಪೈಪ್ ಕೆಲಸ ನೋಡ್ರಿ

ಎಲ್ಲರಿಗೂ ಶರಣು ಶರಣಾರ್ಥಿ.

ಭಾನುವಾರ ಬೆಳಿಗ್ಗೆ 8ಕ್ಕೆ ಸೇಡಂ ರಸ್ತೆ ಕಡೆ ಹಳೇ ಮನೆ ನೋಡಲಿಕ್ಕೆ ಬರೋರು ಇದನ್ನ ಪೂರ್ತಿ ಓದ್ರಿ. ಮಾಲೀಕರು ತಾವೇ ಜೋಡಿಸಿದ ಪೈಪು ಟೋಕನ್ (ಮುಂಗಡ) ಕೊಡೋ ಮುಂಚೆನೇ ಗೊತ್ತಾಗಬೇಕು.

ಮೊದಲು ಗೀಸರ್. ಬಿಸಿನೀರಿಗೆ ಕೆನೆಬಣ್ಣದ ಸಿಪಿವಿಸಿಯಂಥ ಬಿಸಿ ತಡೆಯೋ ಪೈಪ್ ಬೇಕು. ತಣ್ಣೀರಿಗೆ ಹಾಕೋ ಬಿಳಿ ಯುಪಿವಿಸಿ ಪೈಪು 60 ಡಿಗ್ರಿ ದಾಟಿದ್ರ ಮೆತ್ತಗಾಗಿ ಜೋಡಣೆ ಬಿಡ್ತದ. ಸೇಫ್ಟಿ ವಾಲ್ವಿನ ಬಾಯಿಗೆ ಎಂಡ್ ಕ್ಯಾಪ್ (ಮುಚ್ಚಳ) ಹಾಕಿದ್ರ ಗೀಸರ್ ಸ್ವಿಚ್ಚೇ ಹಾಕಬ್ಯಾಡ್ರಿ. ಒತ್ತಡ ಹೊರಗ ಹೋಗೋ ದಾರಿ ಬಂದ್ ಆಗಿ ಟ್ಯಾಂಕ್ ಒಡೀಬಹುದು.

ಎಲ್ಬೋ (ತಿರುವಿಗೆ ಹಾಕೋ ಜೋಡಣೆ) ಇಲ್ಲದೇ ಪೈಪ್ ಬಾಗಿದ್ರ ಅದು ಬೆಂಕಿಗೆ ಕಾಯಿಸಿ ಬಗ್ಗಿಸಿದ್ದು. ಬಾಗಿನ ಹೊರಮೈ ತೆಳ್ಳಗ, ಒಳಮೈ ಸುಕ್ಕು, ನಡುವೆ ಕಂದು ಕಲೆ. ಸೀಳೋದು ಅಲ್ಲೇ. ಸೈಕಲ್ ಟ್ಯೂಬ್ ಸುತ್ತಿದ ಜೋಡಣೆಗಳ ಫೋಟೋನೂ ತೆಗೀರಿ.

ಬೋರಿನ ನೀರು, ನಲ್ಲಿ ನೀರು ಒಂದೇ ಟೀಗೆ (ಮೂರು ಬಾಯಿಯ ಜೋಡಣೆಗೆ) ಸೇರಿದ್ರ, ನೀರು ಹಿಂದಕ್ಕ ಹೋಗದಂಗ ತಡೆಯೋ ನಾನ್-ರಿಟರ್ನ್ ವಾಲ್ವ್ ಹುಡುಕ್ರಿ. ಇಲ್ಲಂದ್ರ ಮೋಟರ್ ಹಾಕಿದಾಗ ಬೋರಿನ ನೀರು ಕುಡಿಯೋ ನೀರಿನ ಪೈಪಿಗೆ ನುಗ್ತದ. ಸಿಂಕ್ ಕೆಳಗ 50 ಮಿಮೀ ನೀರು ನಿಲ್ಲೋ ಟ್ರ್ಯಾಪ್ (ಗಟಾರದ ವಾಸನೆ ತಡೆಯೋ ಬಾಗಿದ ಪೈಪು) ಇರಲಿ.

ಹೋದ ಕೂಡಲೇ ಮೋಟರ್, ನಲ್ಲಿ ಎಲ್ಲ ಬಂದ್ ಮಾಡಿಸಿ ಟ್ಯಾಂಕಿನ ನೀರಿನ ಮಟ್ಟಕ್ಕ ಗುರುತು ಹಾಕ್ರಿ. ಒಂದು ತಾಸಿಗೆ ಇಳಿದ್ರ ಎಲ್ಲೋ ಸೋರ್ತದ ಅಂತ ಅರ್ಥ.

ಟಾರ್ಚ್ ತರ್ರಿ. ಬರೋರು ಶನಿವಾರ ಸಂಜೆ 6ರೊಳಗ ಇಲ್ಲೇ ಹೆಸರು ಹಾಕ್ರಿ.