ಪಡುಬಿದ್ರಿಯ ಆ ಅಕ್ಕನಿಗೆ

ಕಳೆದ ವಾರ ಮಂಗಳೂರಿನಿಂದ ಉಡುಪಿಗೆ ಹೊರಟವಳು ಪಡುಬಿದ್ರಿ ಬಸ್‌ಸ್ಟಾಪಿನಲ್ಲಿ ಒಂದು ಚೀಲ ಮರೆತೆ. ಜೋರು ಮಳೆ ಬೇರೆ. ಚೀಲದಲ್ಲಿದ್ದದ್ದು ನಮ್ಮ ಅಜ್ಜಿ 1971ರಲ್ಲಿ ಮಾಡಿದ ಪೇಪರ್ ಕತ್ತರಿಕೆಗಳ ಪುಸ್ತಕ.

ಅಜ್ಜ ಆಗ ನೌಕಾಪಡೆಯ ವಿಮಾನವಾಹಕ ವಿಕ್ರಾಂತ್ ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದರು. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಆದರೂ ಹಡಗು ಬಂಗಾಳ ಕೊಲ್ಲಿಗೆ ಹೋಯಿತು. ಡಿಸೆಂಬರ್ 4ರಂದು ಅದರ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ಬಾಂಬ್ ಹಾಕಿದವು. ಅಜ್ಜನ ಕಾಗದಗಳಲ್ಲಿ ಇದ್ಯಾವುದೂ ಇಲ್ಲ. 'ಸೆಕೆ ಜಾಸ್ತಿ, ಮೀನು ಚೆನ್ನಾಗಿಲ್ಲ' ಅಷ್ಟೇ! ಯುದ್ಧದ ಸುದ್ದಿಯನ್ನೆಲ್ಲ ಅಜ್ಜಿ ಪೇಪರಿನಿಂದ ಕತ್ತರಿಸಿ ಮೈದಾ ಅಂಟಿನಿಂದ ಹಚ್ಚಿದ್ದರು. ಡಿಸೆಂಬರ್ 9ರಂದು ನೌಕಾಪಡೆಯ ಇನ್ನೊಂದು ಹಡಗು ಖುಕ್ರಿ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದ ಸುದ್ದಿಯ ಪುಟದಲ್ಲಿ ಮಾತ್ರ ಪಕ್ಕದಲ್ಲಿ ಪೆನ್ಸಿಲ್‌ನಿಂದ 'ಇವರದ್ದಲ್ಲ' ಎಂದು ಬರೆದಿದ್ದಾರೆ.

ಮೈದಾ ಅಂಟು ನೀರು ಕಂಡರೆ ಬಿಡುತ್ತದೆ ಅಲ್ವಾ? ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ನೀವು ಬಿಸಿಲಿಗೆ ಹಾಕದೆ, ಪುಟಗಳ ನಡುವೆ ಬಿಳಿ ಹಾಳೆ ಇಟ್ಟು, ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿದ್ದೀರಿ. ಬಿದ್ದ ಚೂರುಗಳನ್ನೂ ಒಂದು ಕವರಿನಲ್ಲಿ ಹಾಕಿದ್ದೀರಿ. ಒಳಗಿದ್ದ ಜೆರಾಕ್ಸ್ ಅಂಗಡಿಯ ಚೀಟಿ ನೋಡಿ, ಸುರತ್ಕಲ್‌ವರೆಗೆ ಬಂದು ಕೊಟ್ಟು ಹೋಗಿದ್ದೀರಿ. ಹೆಸರು ಕೇಳಿದರೆ 'ಸುಮ್ನೆ ಕೊಡಿ ಮಾರಾಯ್ರೆ' ಎಂದಿರಂತೆ.

ತುಂಬಾ ಥ್ಯಾಂಕ್ಸ್ ಅಕ್ಕ. ಪೆನ್ಸಿಲ್ ಅಕ್ಷರ ಅಳಿಸಿಲ್ಲ.